ಬಳಪ ತಿಂದ ಬಾಯಿ

ನಾನು ಬಳಪ ತಿನ್ನುತ್ತಿದ್ದೆ. ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ಬಳಪ ತಿಂದ ಮಕ್ಕಳ ಕಿವಿ ಹಿಂಡಿ, ನಿವೃತ್ತಿಯಾಗಿ ಹನ್ನೆರಡು ವರ್ಷ ಕಳೆದ ಮೇಲೆ ಇದನ್ನು ಬಾಯಿಬಿಟ್ಟು ಹೇಳುತ್ತಿದ್ದೇನೆ. ಹೇಳಿಸಿದವಳು ಮೊಮ್ಮಗಳು. ಹೋದ ದಸರೆ ರಜಕ್ಕೆ ಬಂದವಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಯಾರೋ ಹೆಣ್ಣುಮಗಳು ತಟ್ಟೆ ತುಂಬ ಬಳಪ ಜೋಡಿಸಿಕೊಂಡು ಒಂದೊಂದನ್ನೇ ಕಟುಂ ಕಟುಂ ಎಂದು ಕಡಿಯುತ್ತಿದ್ದಾಳೆ. ಆ ಸದ್ದು ಕೇಳುವುದಕ್ಕೆಂದೇ ಜನ ನೋಡುತ್ತಾರಂತೆ. "ಅಜ್ಜೀ, ಛೀ ಅನ್ಸಲ್ವಾ ನಿಂಗೆ?" ಅಂದಳು. ಛೀ ಅನ್ನಿಸಲಿಲ್ಲ. ಬಾಯಲ್ಲಿ ನೀರೂರಿತು.

ಬಳಪಕ್ಕೆ ರುಚಿ ಅಂತ ಏನೂ ಇಲ್ಲ. ಉಪ್ಪಿಲ್ಲ, ಹುಳಿಯಿಲ್ಲ. ಇರುವುದೆಲ್ಲ ವಾಸನೆ. ಬೇಸಿಗೆ ಕಳೆದು ಮೊದಲ ಮಳೆಯ ಹನಿ ಅಂಗಳಕ್ಕೆ ಬಿದ್ದಾಗ ಏಳುತ್ತದಲ್ಲ, ಆ ವಾಸನೆ. ಹಲ್ಲಿಗೆ ಸಿಕ್ಕಾಗ ಕರಕರ, ಆಮೇಲೆ ನುಣ್ಣನೆಯ ಹಿಟ್ಟು, ಕೊನೆಗೆ ನಾಲಗೆಗೆ ಅಂಟಿ ಕೂತ ತಂಪು. ಬೂದುಬಣ್ಣದ ಗಟ್ಟಿ ಕಡ್ಡಿಯನ್ನು ಯಾರೂ ಮೂಸುತ್ತಿರಲಿಲ್ಲ. ಬಿಳಿ ಬಳಪಕ್ಕೇ ಗಿರಾಕಿ. ಅರ್ಧ ಬರೆಯುವುದಕ್ಕೆ, ಅರ್ಧ ಹೊಟ್ಟೆಗೆ. ಮನೆಯಲ್ಲಿ ಕೇಳಿದರೆ "ಕಳೆದುಹೋಯ್ತು." ನಮ್ಮ ಊರಿನಷ್ಟು ಬಳಪ ಕಳೆದ ಊರು ಹಾಸನ ಜಿಲ್ಲೆಯಲ್ಲಿ ಇನ್ನೊಂದಿರಲಾರದು.

ಊರಿರುವುದು ಹಳೇಬೀಡಿನಿಂದ ಎರಡು ಹರದಾರಿ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಹಳೇಬೀಡಿನ ದೇವಸ್ಥಾನ, 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ, ಎಲ್ಲದಕ್ಕೂ ಬಳಸಿದ್ದು ಯಾವ ಕಲ್ಲು ಎಂದು ನಮ್ಮ ಕಡೆಯ ಯಾರನ್ನಾದರೂ ಕೇಳಿ. "ಬಳಪದ ಕಲ್ಲು" ಅನ್ನುತ್ತಾರೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿಕೊಂಡಂತೆಲ್ಲ ಗಟ್ಟಿಯಾಗುವ ಕಲ್ಲು. ಬೇಲೂರಿನ ಮದನಿಕೆಯರ ಒಡವೆಗಳನ್ನು ಅಷ್ಟು ನಾಜೂಕಾಗಿ ಕೆತ್ತಲು ಸಾಧ್ಯವಾದದ್ದು ಅದರಿಂದ. ಇದೇ ಜಾತಿಯ ಕಲ್ಲಿನಿಂದ ಅಡುಗೆಮನೆಯ ಮರಿಗೆ, ಉಪ್ಪಿನಕಾಯಿ ಹಾಕಿಡುವ ಕಲ್ಲಿನ ಪಾತ್ರೆ. ಇದರ ಚೂರೇ ಅಕ್ಷರ ತೀಡುವ ಕಡ್ಡಿ. ದೇವರಿಗೂ ಅಡುಗೆಗೂ ಅಕ್ಷರಕ್ಕೂ ಒಂದೇ ಕಲ್ಲಾದ ಮೇಲೆ ಮಕ್ಕಳು ಅದನ್ನು ಬಾಯಿಗೆ ಹಾಕಿಕೊಂಡದ್ದರಲ್ಲಿ ಅಂಥ ಆಶ್ಚರ್ಯವೇನಿದೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ತಿಂದವಳ ಸಮರ್ಥನೆ ಎಂದು ನೀವು ನಗಬಹುದು.

ನಮ್ಮ ತಾತ ಶಾನುಭೋಗರು. ಶಾನುಭೋಗಿಕೆ ಅರವತ್ತರ ದಶಕದಲ್ಲಿ ಹೋಯಿತು. ಅಟ್ಟದ ಮೇಲಿನ ಕಡತಗಳು ಉಳಿದವು. ಈಗ ಕಡತ ಎಂದರೆ ಕಚೇರಿಯ ಫೈಲು, ವಿಲೇವಾರಿಯಾಗದೆ ಕೂತಿರುವಂಥದ್ದು. ಆಗಿನ ಕಡತ ಬಟ್ಟೆಯದು. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ನಯ ಮಾಡಿ, ಪಂಚಾಂಗದ ಹಾಗೆ ಮಡಿಸಿಡುತ್ತಿದ್ದರು. ಕಪ್ಪು ಹಾಳೆಯ ಮೇಲೆ ಬಳಪದ ಬಿಳಿ ಅಕ್ಷರ. ಬೇಡವಾದರೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದಲ್ಲಿ ಈ ಕಡತವನ್ನು ವಿವರಿಸಿ, ಅದರ ಮೇಲೆ ಬರೆಯುವ ಕಡ್ಡಿಯನ್ನು 'ಬಳಪಂ' ಎಂದು ಹೆಸರಿಟ್ಟೇ ಹೇಳಿದ್ದಾನೆ. ತಾತನ ಬಳಪ ನಮ್ಮ ಪೆಟ್ಟಿಗೆ ಅಂಗಡಿಯ ಕಡ್ಡಿಯಂತೆ ನೆಟ್ಟಗಿರಲಿಲ್ಲ, ಹೆಬ್ಬೆರಳಿನಷ್ಟು ದಪ್ಪದ ಒರಟು ತುಂಡು. ನನ್ನ ಬಾಯಿಗೆ ಬಿದ್ದ ಮೊದಲ ಬಳಪ ಅದೇ.

ಶಾಲೆಯ ಕಡೆಯಿಂದ ಈ ಕಥೆಯನ್ನು ಚೆನ್ನಾಗಿ ಬರೆದಿಟ್ಟವನು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್. 1823ರ ಆಗಸ್ಟಿನಲ್ಲಿ ಮದರಾಸು ಸರ್ಕಾರಕ್ಕೆ ಕಳಿಸಿದ ಅವನ ವರದಿಯನ್ನು ಇತಿಹಾಸಕಾರ ಧರ್ಮಪಾಲರು 1983ರ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ನಾನು ಓದಿದ್ದು ಅಲ್ಲಿ. ಒಂಬತ್ತು ಲಕ್ಷ ಚಿಲ್ಲರೆ ಜನರಿದ್ದ ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಐದು ವರ್ಷಕ್ಕೆ ಅಕ್ಷರಾಭ್ಯಾಸ. ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಬೇಕು. ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಹಲಗೆ ಎಂದರೆ ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ಪಟ್ಟಿ. ಅನ್ನದ ಗಂಜಿಯೂ ಇದ್ದಿಲೂ ಕಲಸಿ ಬಳಿದರೆ ಬರೆಯಲು ಸಿದ್ಧ. ಕಡ್ಡಿ ಯಥಾಪ್ರಕಾರ ಬಳಪ. ಸ್ಲೇಟು ಮಾಡುವ ಕೆಲಸವನ್ನೇ ಇವು ಮಾಡುತ್ತವೆ ಎಂದು ಅವನು ಮೇಲಿನವರಿಗೆ ಅರ್ಥವಾಗುವಂತೆ ಬರೆಯುತ್ತಾನೆ. ನನ್ನ ಬಾಲ್ಯದಲ್ಲೂ ಬಡವರ ಮನೆ ಮಕ್ಕಳು ಇಂಥ ಮರದ ಹಲಗೆಗೆ ತೊಂಡೆಸೊಪ್ಪು, ಇದ್ದಿಲು ಅರೆದು ತಿಕ್ಕುತ್ತಿದ್ದರು.

ಶಿಕ್ಷೆಯ ವಿವರವೂ ಆ ವರದಿಯಲ್ಲಿದೆ. ಬೆಳಿಗ್ಗೆ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಛಡಿ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏರುತ್ತ ಹೋಗುತ್ತದೆ. ಸೋಮಾರಿಗಳನ್ನು ಎರಡೂ ಕೈ ಕಟ್ಟಿ ಮಾಡಿಗೆ ತೂಗುಹಾಕುವುದು — ನಮ್ಮ ಕೂಲಿಮಠಗಳಲ್ಲಿ ಇದಕ್ಕೆ ಕೋದಂಡ ಎನ್ನುತ್ತಿದ್ದರು. ಕೂತು ಎದ್ದು ಕೂತು ಎದ್ದು ಬಸ್ಕಿ ಹೊಡೆಸುವುದು. ಬಸ್ಕಿ ನೋವಿನದಾದರೂ ಆರೋಗ್ಯಕ್ಕೆ ಒಳ್ಳೆಯದಿರಬಹುದು ಎಂದು ಕಲೆಕ್ಟರ್ ಸಾಹೇಬರ ಅಭಿಪ್ರಾಯ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ: ಬಡತನದಿಂದ ತಂದೆತಾಯಿ ಶಾಲೆಯ ಖರ್ಚು ಕೊಡಲಾರದೆ, ಎಳೆಯ ಕೈಕಾಲು ಕೆಲಸಕ್ಕೆ ಬಂದ ಕೂಡಲೆ ಮಕ್ಕಳನ್ನು ದುಡಿಮೆಗೆ ಹಚ್ಚುತ್ತಿದ್ದಾರೆ. ಆ ಮಕ್ಕಳು ಬಳಪ ತಿನ್ನುತ್ತಿದ್ದರೆಂದು ಅವನು ಬರೆದಿಲ್ಲ. ಕಲೆಕ್ಟರುಗಳ ಕಣ್ಣಿಗೆ ಮಕ್ಕಳ ಬಾಯಿ ಬೀಳುವುದು ಅಪರೂಪ.

ಮರಳಿನ ಮೇಲೆ ತಿದ್ದಿಸುವ ನಮ್ಮ ಪದ್ಧತಿ ಸಮುದ್ರ ದಾಟಿದ್ದೂ ಉಂಟು. ಮದರಾಸಿನ ಅನಾಥಾಲಯದ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಲ್ಲಿನ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡು, ತನ್ನ ಶಾಲೆಯಲ್ಲೂ ಅದನ್ನೇ ಮಾಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ತಂದ. ಅಲ್ಲಿನ ಬಡಮಕ್ಕಳೂ ಮರಳಿನ ತಟ್ಟೆಯ ಮುಂದೆ ಕೂತರು. ನಾವು ಮರಳು ಕೊಟ್ಟೆವು, ಅವರಿಂದ ಸ್ಲೇಟು ಬಂತು. ಧಾರವಾಡದ ಕಡೆ ಅದು ಪಾಟಿ, ನಮ್ಮ ಕಡೆ ಸ್ಲೇಟು. ಆಂಧ್ರದ ಮಾರ್ಕಾಪುರದ ಕಲ್ಲಿನ ಸ್ಲೇಟು, ಸುತ್ತ ಮರದ ಚೌಕಟ್ಟು. ಬಿದ್ದರೆ ಒಡೆಯಿತು, ಒಡೆದರೆ ಬೆನ್ನಿಗೆ ಬಿತ್ತು. ಉಗುಳಿ ಒರೆಸಿದರೆ ಸರಸ್ವತಿಗೆ ಎಂಜಲು ಅಂತ ಮತ್ತೊಂದು ಏಟು. ಎಂಜಲು ಸ್ಲೇಟಿಗೆ ತಾಗಬಾರದು ಎಂಬುದಕ್ಕೆ ಶಾಸ್ತ್ರವಿತ್ತು. ಬಳಪ ಎಂಜಲಿನೊಳಗೇ ಕರಗುತ್ತಿದ್ದುದಕ್ಕೆ ಯಾವ ಶಾಸ್ತ್ರವೂ ಇರಲಿಲ್ಲ.

ಇರಲಿಲ್ಲ ಎಂದೇ ನಾನು ಬಹಳ ಕಾಲ ನಂಬಿದ್ದೆ. ಇತ್ತು. ಚರಕಸಂಹಿತೆಯಲ್ಲಿ ಪಾಂಡುರೋಗ ಐದು ಬಗೆ. ಮೈ ಬಿಳಿಚಿಕೊಂಡು, ಉಸಿರು ಕಟ್ಟಿ, ಶಕ್ತಿ ಉಡುಗುವ ಕಾಯಿಲೆ. ಐದನೆಯ ಬಗೆ ಮಣ್ಣು ತಿನ್ನುವುದರಿಂದ ಬರುವುದು. ಚಿಕಿತ್ಸೆ ಹೇಳುವಾಗ ಚರಕ ಒಂದು ಉಪಾಯ ಕೊಡುತ್ತಾನೆ: ಎಷ್ಟು ಹೇಳಿದರೂ ರೋಗಿ ಮಣ್ಣಿನ ಚಪಲ ಬಿಡದಿದ್ದರೆ, ಬೇವು, ವಾಯುವಿಳಂಗದಂಥ ಕಹಿ ಮದ್ದುಗಳನ್ನು ಬೆರೆಸಿದ ಮಣ್ಣನ್ನೇ ಕೊಡಬೇಕು, ತಾನಾಗಿ ಹೇಸಿಗೆ ಹುಟ್ಟುತ್ತದೆ. ಆದರೆ ಅಧ್ಯಾಯ ಅಲ್ಲಿಗೇ ಮುಗಿಯುವುದಿಲ್ಲ. ಅದೇ ಅಧ್ಯಾಯದಲ್ಲಿ ಕಬ್ಬಿಣದ ಪುಡಿಯ ಯೋಗಗಳಿವೆ. ನಮ್ಮ ಮನೆಗಳಿಗೆ ಇಳಿದು ಬಂದದ್ದು ಮಾತ್ರ ಕಹಿಯ ಭಾಗ. ಬೆರಳು ಚೀಪುವ ಮಗುವಿನ ಹೆಬ್ಬೆರಳಿಗೆ ಬೇವಿನೆಣ್ಣೆ, ಉಗುರು ಕಡಿಯುವವನ ಉಗುರಿಗೆ ಹಾಗಲಕಾಯಿ ರಸ, ಬಳಪ ತಿನ್ನುವವಳ ತುಟಿಗೆ ಮೆಣಸಿನಕಾಯಿ. ಕಬ್ಬಿಣ ದಾರಿಯಲ್ಲೆಲ್ಲೋ ಕಳೆದುಹೋಯಿತು.

1977ರಲ್ಲಿ ನನಗೆ ಕೆಲಸ ಸಿಕ್ಕಿತು. ಅರಸೀಕೆರೆ ಕಡೆಯ ಬಯಲುಸೀಮೆಯ ಹಳ್ಳಿ, ಒಂದೇ ಕೋಣೆ, ನಾಲ್ಕು ತರಗತಿ. ನನ್ನ ಬಳಪದ ಚಪಲ ಮೊದಲ ಹೆರಿಗೆಯ ಹೊತ್ತಿಗೆ ಬಿಟ್ಟಿತ್ತು. ಬಿಟ್ಟವರಷ್ಟು ಕಟುವಾದ ಮೇಷ್ಟ್ರು ಬೇರೆ ಸಿಗುವುದಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೆ ಸಾಲಾಗಿ ನಿಲ್ಲಿಸಿ "ಬಾಯ್ ತೆಗೀರಿ" ಅನ್ನುತ್ತಿದ್ದೆ. ಬಾಯಿ ತೆರೆಸಿ ನೋಡಿದ ಯಶೋದೆಗೆ ಮೂರು ಲೋಕ ಕಂಡವು. ನನಗೆ ಕಂಡದ್ದು ಹಲ್ಲಿನ ಸಂದಿಯ ಬಿಳಿ ಹಿಟ್ಟು. ಮೂರನೇ ಕ್ಲಾಸಿನ ಒಬ್ಬ ಹುಡುಗಿಗಂತೂ ದಿನಕ್ಕೊಂದು ಬಳಪ ಬೇಕು. ತನ್ನದು ಮುಗಿದರೆ ಪಕ್ಕದವಳದು, ಅದೂ ಇಲ್ಲದಿದ್ದರೆ ನನ್ನ ಮೇಜಿನ ಸೀಮೆಸುಣ್ಣ, ಅದಕ್ಕೂ ಬೀಗ ಹಾಕಿದರೆ ಗೋಡೆಯ ಹಕ್ಕಳೆ. ಹೊಡೆದೆ. ಬಸ್ಕಿ ಹೊಡೆಸಿದೆ. "ಬಳಪ ಕಳ್ಳಿ" ಎಂದು ಸ್ಲೇಟಿನ ಮೇಲೆ ಬರೆದು ಕೊರಳಿಗೆ ತೂಗುಹಾಕಿದೆ. ಈ ಕೊನೆಯದನ್ನು ನೆನೆದರೆ ಈಗಲೂ ರಾತ್ರಿ ಎಚ್ಚರವಾಗುತ್ತದೆ.

ಯಾವುದೂ ನಾಟದೆ ಹೋದಾಗ ಅವಳ ಬಳಪವನ್ನೆಲ್ಲ ಬೇವಿನೆಣ್ಣೆಯಲ್ಲಿ ಅದ್ದಿ ಒಣಗಿಸಿ ಕೊಟ್ಟೆ. ಚರಕನ ಹೆಸರು ಬಿಟ್ಟರೆ ನನಗೆ ಆಗ ಏನೂ ಗೊತ್ತಿರಲಿಲ್ಲ. ಹುಡುಗಿ ಮುಖ ಸಿಂಡರಿಸಿಕೊಂಡು, ಕಣ್ಣಲ್ಲಿ ನೀರು ಹಾಕಿಕೊಂಡು ಅದನ್ನೂ ತಿಂದಳು. ಆ ಮುಖ ನೋಡಿದಾಗ ಮೊದಲ ಸಲ ಅನ್ನಿಸಿತು, ಇದು ಚಪಲ ಅಲ್ಲ.

ಆ ವಾರ ಚುಚ್ಚುಮದ್ದು ಹಾಕಲು ನರ್ಸಮ್ಮ ಬಂದರು. ಸೈಕಲ್ಲಿಳಿದು, ನೀರು ಕುಡಿದು, ನನ್ನ ದೂರು ಕೇಳಿದವರು ಹುಡುಗಿಯ ಬಾಯಿ ನೋಡಲೇ ಇಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಕೆಂಪಾಗಿರಬೇಕಾದ ಜಾಗ ಸುಣ್ಣ ಬಳಿದ ಗೋಡೆಯಂತಿತ್ತು. "ಮೇಡಂ, ಮೈಯಲ್ಲಿ ರಕ್ತ ಇಲ್ಲ ಇವಳಿಗೆ, ಹುಳ ಬೇರೆ ಇದ್ದಾವು. ಹೊಡ್ದು ಏನ್ಮಾಡ್ತೀರಿ?" ಅಂದರು. ಹುಳಕ್ಕೆ ಔಷಧಿ, ದಿನಕ್ಕೊಂದು ಕಬ್ಬಿಣದ ಮಾತ್ರೆ, ಒಟ್ಟು ಮೂರು ತಿಂಗಳು. ಮಾತ್ರೆಯನ್ನು ನನ್ನ ಕೈಯಿಂದಲೇ ನುಂಗಿಸಬೇಕು. ಹತ್ತು ದಿನಕ್ಕೆ ತಾಯಿ ಜಗಳಕ್ಕೆ ಬಂದಳು: "ಮೇಡಮ್ಮೋರೆ, ಅದೇನ್ ಕೊಟ್ಟಿದೀರ ನನ್ ಮಗೀಗೆ, ಇದ್ಲು ಇದ್ದಂಗೆ ಕರ್ರಗೆ ಆಯ್ತದೆ!" ಕಬ್ಬಿಣದ ಮಾತ್ರೆಗೆ ಹಾಗಾಗುವುದು ಸಹಜ ಎಂದು ನರ್ಸಮ್ಮ ಮೊದಲೇ ಹೇಳಿದ್ದರಿಂದ ಬಚಾವಾದೆ. ಎರಡು ತಿಂಗಳು ತುಂಬುವ ಹೊತ್ತಿಗೆ ಅವಳ ಬಳಪ ಮೊದಲ ಸಲ ಸ್ಲೇಟಿನ ಮೇಲೆ ಸವೆಯಿತು. ಮೋಟು ತುಂಡಾಗುವವರೆಗೂ ಬರೆದಳು.

ಆಮೇಲೆ ಓದಿ ತಿಳಿದುಕೊಂಡೆ. ತಿನಿಸಲ್ಲದ್ದನ್ನು ತಿನ್ನಬೇಕೆನ್ನಿಸುವ ಈ ಹಂಬಲಕ್ಕೆ ವೈದ್ಯರು ಪೈಕಾ ಎನ್ನುತ್ತಾರೆ; ಸಿಕ್ಕಿದ್ದನ್ನೆಲ್ಲ ಕೊಕ್ಕಿಗೆ ಹಾಕಿಕೊಳ್ಳುವ ಒಂದು ಹಕ್ಕಿಯ ಲ್ಯಾಟಿನ್ ಹೆಸರು ಅದು. ಕಬ್ಬಿಣದ ಅಂಶ ಕಡಿಮೆಯಾದವರಲ್ಲಿ, ಮುಖ್ಯವಾಗಿ ಮಕ್ಕಳಲ್ಲಿ ಮತ್ತು ಬಸುರಿಯರಲ್ಲಿ, ಇದು ಹೆಚ್ಚು. ನಮ್ಮ ಹೆಂಗಸರು ಬೂದಿ, ಕೆಮ್ಮಣ್ಣು ತಿಂದು "ಬಯಕೆ" ಎಂದದ್ದು ಇದನ್ನೇ. ವಿಚಿತ್ರವೆಂದರೆ ಬಳಪದಲ್ಲಿ ಮೈಗೆ ದಕ್ಕುವ ಕಬ್ಬಿಣ ಇಲ್ಲವೇ ಇಲ್ಲ ಅನ್ನಬಹುದು. ಅದು ಮೆಗ್ನೀಷಿಯಮ್ಮಿನ ಕಲ್ಲು, ಮುಖಕ್ಕೆ ಹಾಕುವ ಪೌಡರಿನ ದಾಯಾದಿ. ಹಲ್ಲು ಸವೆಯುತ್ತದೆ, ಹೊಟ್ಟೆ ಕಟ್ಟುತ್ತದೆ. ನೆಲಕ್ಕೆ ಬಿದ್ದದ್ದನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡರೆ ಜಂತುಹುಳದ ಮೊಟ್ಟೆಯೂ ಜೊತೆಗೆ ಹೋಗುತ್ತದೆ. ರಕ್ತ ಕಡಿಮೆಯಾದದ್ದರಿಂದ ಬಳಪ, ಬಳಪದ ಜೊತೆ ಹುಳ, ಹುಳದಿಂದ ಇನ್ನಷ್ಟು ರಕ್ತಹೀನತೆ. ಗಾಣದೆತ್ತಿನ ಸುತ್ತು.

ಬಳಪ ತಿಂದವರದು ಹೀಗಾದರೆ ಕೊಯ್ದವರದು ಇನ್ನೂ ಘೋರ. ಮಧ್ಯಪ್ರದೇಶದ ಮಂದಸೌರ್ ಕಡೆ ಸ್ಲೇಟು ಕಡ್ಡಿ ಕೊಯ್ಯುವ ಕಾರ್ಖಾನೆಗಳಲ್ಲಿ ಯಂತ್ರದ ಗರಗಸದ ದೂಳು ಕುಡಿದು, ಶ್ವಾಸಕೋಶ ಕಲ್ಲಾಗಿ, ವಯಸ್ಸಿನ ಹುಡುಗರೇ ಸಾಯತೊಡಗಿದರು. ಎಪ್ಪತ್ತರ ದಶಕದಲ್ಲಿ ವೈದ್ಯರು ಅಲ್ಲಿ ಸಿಲಿಕೋಸಿಸ್ ಪತ್ತೆಹಚ್ಚಿ ವರದಿ ಬರೆದರು. 1982ರಲ್ಲಿ ಅಲ್ಲಿನ ಸರ್ಕಾರ ಸ್ಲೇಟು ಕಡ್ಡಿ ಕಾರ್ಮಿಕರಿಗೆಂದೇ ಕಲ್ಯಾಣನಿಧಿಯ ಕಾಯಿದೆ ತಂದಿತು. ನಾನು ಐದು ಪೈಸೆಗೆ ಒಂದು ಎಂದು ಕೊಂಡು ಮಕ್ಕಳಿಗೆ ಹಂಚಿದ ಗಟ್ಟಿ ಕಡ್ಡಿಗಳಲ್ಲಿ ಎಷ್ಟು ಅಲ್ಲಿಂದ ಬಂದವೋ. ಆ ದೂಳಿನ ಸುದ್ದಿ ಯಾವ ಪಠ್ಯಪುಸ್ತಕದಲ್ಲೂ ಬರಲಿಲ್ಲ.

ಮತ್ತೆ ಮಕ್ಕಳ ಬಾಯಿಗೇ ಬರೋಣ. ಬೆರಳು ಚೀಪುವವರ ವಿಚಾರದಲ್ಲಿ ನಮ್ಮವರು ಸ್ವಲ್ಪ ಮೆತ್ತಗೆ. ಆಲದೆಲೆಯ ಮೇಲೆ ಮಲಗಿ ಕಾಲ್ಬೆರಳು ಚೀಪುವ ಕೃಷ್ಣನ ಪಟವನ್ನು ದೇವರಮನೆಯಲ್ಲೇ ತೂಗುಹಾಕಿಕೊಂಡವರು ಮಗುವಿಗೆ ಏನಂತ ಗದರಿಸಿಯಾರು? ಜರ್ಮನರಿಗೆ ಆ ಮುಲಾಜಿರಲಿಲ್ಲ. ಫ್ರಾಂಕ್‌ಫರ್ಟಿನ ಡಾಕ್ಟರ್ ಹಾಫ್‌ಮನ್ ಮಕ್ಕಳಿಗೆಂದು ಬರೆದು 1845ರಲ್ಲಿ ಅಚ್ಚಾದ ಪದ್ಯಪುಸ್ತಕದಲ್ಲಿ ಬೆರಳು ಚೀಪುವ ಹುಡುಗನ ಎರಡೂ ಹೆಬ್ಬೆರಳನ್ನು ದರ್ಜಿಯೊಬ್ಬ ದೊಡ್ಡ ಕತ್ತರಿಯಿಂದ ಕಚಕ್ಕನೆ ಕತ್ತರಿಸಿಹಾಕುತ್ತಾನೆ. ನಾವು ಬೆರಳಿಗೆ ಮೆಣಸಿನಕಾಯಿ ಹಚ್ಚುವುದಕ್ಕೇ ನಿಂತೆವಲ್ಲ ಎಂದು ಸಮಾಧಾನ ಪಡಬೇಕು; ಅದೇ ಕೈಯಲ್ಲಿ ಮಗು ಕಣ್ಣುಜ್ಜಿಕೊಂಡಾಗ ಆ ಸಮಾಧಾನವೂ ಉಳಿಯುತ್ತಿರಲಿಲ್ಲ. ಹಲ್ಲಿನ ಡಾಕ್ಟರರ ಶಿಬಿರದಲ್ಲಿ ಕೇಳಿದ್ದು ಇಷ್ಟು: ಎರಡು ಮೂರು ವರ್ಷದವರೆಗೆ ಚೀಪಿದರೆ ಚಿಂತೆಯಿಲ್ಲ, ಆರು ಏಳಕ್ಕೆ ಮುಂದಿನ ಶಾಶ್ವತ ಹಲ್ಲು ಬರುವಾಗಲೂ ಬಿಡದಿದ್ದರೆ ಹಲ್ಲು ಮುಂದಕ್ಕೆ ಬಾಗಿ ಉಬ್ಬುಹಲ್ಲಾಗುತ್ತದೆ. ಒಂದನೇ ಕ್ಲಾಸಿಗೆ ಬಂದು ಚೀಪುವ ಮಗು ಹೆಚ್ಚಾಗಿ ಹೆದರಿದ ಮಗು. ಹೆದರಿಸಿದವರು ಯಾರೆಂದು ತಿಳಿಯಲು ನಾನು ದೂರ ಹೋಗಬೇಕಿರಲಿಲ್ಲ.

ತೊಂಬತ್ತರ ದಶಕದಲ್ಲಿ ಸ್ಲೇಟಿನ ಜಾಗಕ್ಕೆ ನೋಟ್‌ಬುಕ್ಕು ಬಂತು, ಬಳಪದ ಜಾಗಕ್ಕೆ ಸೀಸದ ಕಡ್ಡಿ. ಮಕ್ಕಳು ಅದರ ಹಿಂಬದಿಯನ್ನು ಕುಂಚವಾಗುವಷ್ಟು ಜಗಿದರು. ಅದೇ ಹೊತ್ತಿಗೆ ಶಾಲೆಯ ಎದುರಿನ ಗೂಡಂಗಡಿಯಲ್ಲಿ ತೋರಣದಂತೆ ಗುಟ್ಕಾ ಚೀಟಿ ತೂಗಿದವು, ಒಂದು ರೂಪಾಯಿಗೆ ಒಂದು. ಏಳನೇ ಕ್ಲಾಸಿನ ಹುಡುಗರು ಬಳಪ ಬಚ್ಚಿಟ್ಟುಕೊಳ್ಳುತ್ತಿದ್ದ ಕೆನ್ನೆಯ ಸಂದಿಯಲ್ಲೇ ಅದನ್ನೂ ಇಟ್ಟುಕೊಂಡರು. ಇದರ ಮುಂದೆ ಬಳಪ ಮಗುವಿನ ಆಟ. ಗುಟ್ಕಾದೊಳಗಿನ ಅಡಿಕೆ ಕೆನ್ನೆಯೊಳಗಿನ ಚರ್ಮವನ್ನು ತೊಗಲಿನಂತೆ ಬಿಗಿಮಾಡುತ್ತದೆ; ಬರಬರುತ್ತ ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಕೆಲವರಿಗೆ ಅದೇ ಕ್ಯಾನ್ಸರಿಗೆ ತಿರುಗುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೂವತ್ತೆರಡಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು ನಮಸ್ಕಾರ ಮಾಡಿದ. ಮಾತು ಹಲ್ಲಿನ ಸಂದಿಯಿಂದ ಬಂತು. "ಬಾಯ್ ತೆಗಿ" ಎಂದು ಇವನಿಗೆ ದಿನಾ ಹೇಳುತ್ತಿದ್ದವಳು ನಾನೇ. 2013ರ ಮೇ ತಿಂಗಳ ಕೊನೆಗೆ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಅದೇ ತಿಂಗಳ ಕೊನೆಗೆ ನನ್ನ ನಿವೃತ್ತಿ. ಗೂಡಂಗಡಿಯವನು ಅಡಿಕೆಯದ್ದೊಂದು ಚೀಟಿ, ಹೊಗೆಸೊಪ್ಪಿನದ್ದೊಂದು ಚೀಟಿ ಬೇರೆ ಬೇರೆ ಮಾಡಿ ಮಾರತೊಡಗಿದ. ಕಾನೂನಿಗೆ ಅವನು ಕೊಟ್ಟ ಗೌರವ ಅಷ್ಟು.

ಒಳ್ಳೆಯದೂ ಆಯಿತೆನ್ನಿ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಮರುವರ್ಷ ನಮ್ಮ ಕಡೆಗೂ ಬಂತು. ಬಿಸಿಯೂಟದ ಸಾರಿನಲ್ಲಿ ಬೇಳೆ, ಸೊಪ್ಪು. ಆಮೇಲೆ ಹಾಲು, ವಾರಕ್ಕೊಂದು ಕಬ್ಬಿಣದ ಮಾತ್ರೆ, ವರ್ಷಕ್ಕೆರಡು ಸಲ ಹುಳದ ಮಾತ್ರೆ. ಗೋಡೆಯ ಹಕ್ಕಳೆ ಕೀಳುವ ಮಕ್ಕಳನ್ನು ನನ್ನ ಕೊನೆಯ ಹತ್ತು ವರ್ಷದಲ್ಲಿ ನಾನು ಬೆರಳೆಣಿಕೆಯಷ್ಟೇ ಕಂಡೆ. ಹಾಗೆಂದು ರಕ್ತಹೀನತೆ ಹೋಗಿಬಿಟ್ಟಿತು ಎಂದುಕೊಂಡರೆ ತಪ್ಪು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತ ಕಡಿಮೆ ಇತ್ತು. ಇಂಥವರೇ ಒಂದನೇ ಕ್ಲಾಸಿಗೆ ಬರುವವರು. ಬಳಪ ಸಿಗದಿದ್ದರೆ ಸೀಮೆಸುಣ್ಣ ಸಿಗುತ್ತದೆ, ಅದೂ ಇಲ್ಲದಿದ್ದರೆ ಅಂಗಳದ ಮಣ್ಣಂತೂ ಇದ್ದೇ ಇದೆ. ಈಗ ಬಳಪ ತಿನ್ನುವವರಿಗೆಂದೇ ಡಬ್ಬಿಗಟ್ಟಲೆ ಆನ್‌ಲೈನಿನಲ್ಲಿ ಮನೆಬಾಗಿಲಿಗೆ ಬರುತ್ತದೆ ಎಂದು ಮೊಮ್ಮಗಳು ಹೇಳಿದಳು. ಕೊಂಡವರು ಕೆಳಗೆ ರುಚಿಯ ಬಗ್ಗೆ ಅಭಿಪ್ರಾಯವನ್ನೂ ಬರೆಯುತ್ತಾರೆ.

ಅವಳು ವಾಪಸು ಹೋದ ಮೇಲೆ ಅಟ್ಟದ ಪೆಟ್ಟಿಗೆ ತೆಗೆದೆ. ತಾತನ ಕಡತ ಇಲಿ ಕಡಿದು ಚಿಂದಿಯಾಗಿತ್ತು. ಬಳಪದ ತುಂಡು ಹಾಗೇ ಇತ್ತು, ಒಂದು ಮೂಲೆಯಲ್ಲಿ ಪುಟ್ಟ ಹಲ್ಲಿನ ಗುರುತು. ಮೂಗಿಗೆ ಹಿಡಿದೆ. ಬಾಯಲ್ಲಿ ಮತ್ತೆ ನೀರು. ಎಪ್ಪತ್ತೆರಡು ವರ್ಷದ ಮುದುಕಿಗೆ ಇದೆಂಥ ನಾಚಿಕೆಗೇಡು ಎಂದುಕೊಳ್ಳುವಷ್ಟರಲ್ಲಿ ಸೈಕಲ್ಲಿನ ನರ್ಸಮ್ಮ ನೆನಪಾದರು. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆ ಎಳೆದು ನೋಡಿಕೊಂಡೆ. ಮರುದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬೆರಳು ಚುಚ್ಚಿಸಿಕೊಂಡೆ. ಹಿಮೋಗ್ಲೋಬಿನ್ 9.2. ಮಾತ್ರೆ ಶುರುವಾಗಿ ಮೂರು ವಾರವಾಯಿತು.